ಬ್ರೇಕ್ ಹಾಕಿದವನೇ ಮೊದಲು ಇಳಿಯಬೇಕು

ಐ.ಟಿ.ಐ. ಮುಗಿಸಿ ಗ್ಯಾರೇಜು ಸೇರಿದ ಯುವಕರು ಆಗಾಗ ನಜರ್‌ಬಾದಿನ ನಮ್ಮ ಮನೆಗೆ ಬರುತ್ತಾರೆ. ಬಂದವರು ಎಂಜಿನ್ನಿನ ವಿಷಯ ಕೇಳುತ್ತಾರೆ, ಗೇರ್‌ಬಾಕ್ಸಿನ ವಿಷಯ ಕೇಳುತ್ತಾರೆ. ಬ್ರೇಕಿನ ವಿಷಯ ಕೇಳಿದವರು ಇಲ್ಲಿಯತನಕ ಇಬ್ಬರೋ ಮೂವರೋ. ಅದು ಅವರ ತಪ್ಪಲ್ಲ. ನಿಂತುಹೋದ ಎಂಜಿನ್ನಿಗೆ ಜೀವ ಕೊಟ್ಟವನಿಗೆ ಹೆಸರು ಬರುತ್ತದೆ. ಬ್ರೇಕ್ ಕೆಲಸ ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದದ್ದಕ್ಕೆ ಯಾರು ಬೆನ್ನು ತಟ್ಟುತ್ತಾರೆ? ಸ್ವಾತಂತ್ರ್ಯ ಬಂದ ವರ್ಷ ಸ್ವಂತ ಅಂಗಡಿ ಹಾಕಿದ ನಾನು ಅದನ್ನು ಬಿಡುವ ತನಕ ದುಡಿದದ್ದು, ಏನೂ ಆಗದಿರಲಿ ಎಂದೇ. ಒಂದು ಸಲ ಆಯಿತು. ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ. ಆದರೆ ಅದಕ್ಕೆ ಮುಂಚೆ ಒಂದೆರಡು ಮಾತು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ನಾನು ಕೆಲಸ ಕಲಿತದ್ದು ವೀರಾಚಾರ್ ಮೇಸ್ತ್ರಿಗಳ ಕೈಕೆಳಗೆ. ಕಮ್ಮಾರಿಕೆಯಿಂದ ಮೋಟಾರಿಗೆ ಬಂದ ಮನುಷ್ಯ. ಓದು ಬರಹ ಕಡಿಮೆ, ಬಾಯಿ ಇನ್ನೂ ಕಡಿಮೆ. ಅವರಲ್ಲಿ ಸೇರಿದ ಹೊಸದರಲ್ಲಿ ಒಂದು ಸೌದೆ ಲಾರಿಯ ಹಿಂದಿನ ಚಕ್ರಕ್ಕೆ ಗ್ರೀಸು ತುಂಬುವ ಕೆಲಸ ನನಗೆ ಬಂತು. ಒಂದು ಹಿಡಿ ಹಾಕುವಲ್ಲಿ ಧಾರಾಳವಾಗಿ ಮೂರು ಹಿಡಿ ತುಂಬಿದೆ, ಗಾಡಿಯವನು ಸಂತೋಷಪಡಲಿ ಎಂದು. ಗ್ರೀಸು ಕಾದು ಕರಗಿ ಒಳಗೆ ಸೋರಿ ಬ್ರೇಕಿನ ಲೈನಿಂಗಿಗೆ, ಎಂದರೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಗೆ, ಹತ್ತಿತು. ಮಾರನೆಯ ದಿನ ಲಾರಿ ಬ್ರೇಕ್ ಹಿಡಿದರೂ ನಿಲ್ಲದೆ, ಎಮ್ಮೆ ಕೆರೆಗೆ ಇಳಿಯುವ ಹಾಗೆ ನಿಧಾನವಾಗಿ ಹೋಗಿ ಒಂದು ಮನೆಯ ಕಾಂಪೌಂಡು ಗೋಡೆಯನ್ನು ಮಲಗಿಸಿತು. ಆ ಗೋಡೆಗೆ ಒರಗಿ ಒಬ್ಬಾಕೆ ಅಕ್ಕಿ ಆರಿಸುತ್ತಿದ್ದಳಂತೆ. ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು, ಅಷ್ಟೆ.

ಮೇಸ್ತ್ರಿಗಳು ಬೈಯಲಿಲ್ಲ. ಬಿಚ್ಚಿದ ಲೈನಿಂಗನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಮೂಸು."

ಮೂಸಿದೆ. ಸುಟ್ಟ ಗ್ರೀಸಿನ ಕಮಟು ವಾಸನೆ.

"ಇನ್ನೊಂದ್ ಸಲ ಮೂಸು. ಆ ಯಮ್ಮ ಒಳೀಕೆ ಓಗ್ದೆ ಇದ್ದಿದ್ರೆ ಈ ವಾಸ್ನೇನೇ ನಿನ್ ಕೈಯಾಗೆ ಸಾಯೋಗಂಟ ಇರ್ತಿತ್ತು."

ನನಗಿದ್ದ ವಿದ್ಯೆ ಮಾತ್ರ ಬೇರೆ. ಚೌಕಾಸಿ. ಹಳ್ಳಿಯಿಂದ ಪಂಚೆಯೊಂದರಲ್ಲಿ ಬಂದವನು ಸ್ವಂತ ಅಂಗಡಿ ಹಾಕಿದ್ದು ಆ ವಿದ್ಯೆಯಿಂದಲೇ. ಯುದ್ಧ ಮುಗಿದ ಮೇಲೆ ಮಿಲಿಟರಿಯ ಹಳೆ ಸಾಮಾನು ಗುಜರಿಗೆ ಬಂದು ಬೀಳುತ್ತಿತ್ತು. ಹೊಸ ಬ್ರೇಕ್ ಡ್ರಮ್ಮು ಬೇಕೆಂದರೆ ಮದರಾಸಿನ ಕಂಪನಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕು. ಬಸ್ಸಿನವನು ಕಾಯುತ್ತಾನೆಯೇ? ಹಾಗಾಗಿ ಗುಜರಿಯೇ ನಮ್ಮ ಉಗ್ರಾಣ.

ಗಾಡಿಯನ್ನು ಹೊರಗಿನಿಂದ ಮಾತ್ರ ನೋಡಿದವರಿಗಾಗಿ ಹೇಳುತ್ತೇನೆ: ಡ್ರಮ್ಮು ಎಂದರೆ ಚಕ್ರದ ಜೊತೆಗೇ ತಿರುಗುವ ಎರಕದ ಕಬ್ಬಿಣದ ಅಗಲ ಬೋಗುಣಿ. ಅದರ ಒಳಗೋಡೆಗೆ ಎರಡು ಕಡೆಯಿಂದ ಲೈನಿಂಗು ಬಂದು ಒತ್ತಿದರೆ ಚಕ್ರ ನಿಲ್ಲುತ್ತದೆ. ಅದನ್ನು ಕೊಳ್ಳುವಾಗ ನೆಲದ ಮೇಲಿಟ್ಟು ತಟ್ಟಬೇಡಿ. ಹಗ್ಗದಲ್ಲಿ ತೂಗುಹಾಕಿ ಸ್ಪ್ಯಾನರಿನಲ್ಲಿ ತಟ್ಟಿ. ಸಂತೆಯಲ್ಲಿ ಹೆಂಗಸರು ಗಡಿಗೆ ಕೊಳ್ಳುವುದನ್ನು ನೋಡಿಲ್ಲವೆ? ಗಂಟೆಯ ಹಾಗೆ ನಾದ ಎಳೆದರೆ ಒಳ್ಳೆಯದು. ಡಬ್ಬೆಂದರೆ ಎಲ್ಲೋ ಬಿರುಕಿದೆ, ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಎರಡನೆಯದು, ಒಳ ಅಳತೆ. ಕ್ಯಾಲಿಪರ್ ಎಂಬ ಎರಡು ಕಾಲಿನ ಅಳತೆಯ ಸಾಧನ ಇಟ್ಟು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನೋಡಬೇಕು. ಎರಡೂ ಒಂದೇ ಬಾರದಿದ್ದರೆ ಡ್ರಮ್ಮು ಮೊಟ್ಟೆಯಾಗಿದೆ ಎಂದರ್ಥ. ಸವೆದು ಗೀರು ಬಿದ್ದ ಡ್ರಮ್ಮನ್ನು ಲೇತಿಗೆ, ಕಬ್ಬಿಣವನ್ನು ತಿರುಗಿಸಿ ಕೊರೆಯುವ ಯಂತ್ರಕ್ಕೆ, ಹಾಕಿ ಒಳಗೆ ಸಮ ಮಾಡಬಹುದು, ಆದರೆ ಅದಕ್ಕೊಂದು ಮಿತಿ ಉಂಟು. ಮಿತಿ ದಾಟಿ ಕೊರೆದರೆ ಗೋಡೆ ತೆಳ್ಳಗಾಗುತ್ತದೆ. ತೆಳ್ಳಗಾದದ್ದು ಬೇಗ ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ, ಹಿಗ್ಗಿದರೆ ಲೈನಿಂಗಿಗೆ ಎಟುಕುವುದಿಲ್ಲ. ಡ್ರೈವರು ಪೆಡಲ್ ಒತ್ತುತ್ತಾನೆ, ಪೆಡಲ್ ಹೋಗುತ್ತಲೇ ಇರುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಇದು ವರ್ಷಗಟ್ಟಲೆ ತಿಳಿಯುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಒಂದು ಗಳಿಗೆಗೆ ತಿಳಿಯುತ್ತದೆ.

ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎನ್ನುವುದೇ ಈ ಕಥೆ.

ಅಂಗಡಿ ಹಾಕಿ ಕೆಲವು ವರ್ಷಗಳಾಗಿದ್ದವು. ದಸರೆಗೆ ತಿಂಗಳಿರುವಾಗ ಗುಜರಿಯಲ್ಲಿ ಮೂರು ಬಸ್ ಡ್ರಮ್ಮು ಕಂಡವು. ನನಗೆ ಬೇಕಾದದ್ದು ಅವೇ, ಹಾಗಾಗಿ ಮೊದಲು ಒಂದು ಮುರುಕಲು ಜಾಕಿಗೆ ಚೌಕಾಸಿ ಶುರುಮಾಡಿದೆ. ಅರ್ಧ ಗಂಟೆ ಜಾಕಿಯ ವಿಷಯವೇ ಆಯಿತು. ಕೊನೆಗೆ ಬೇಸರದಿಂದ ಎನ್ನುವ ಹಾಗೆ, "ಆ ಬೋಗುಣಿಗಳ್ನಾದ್ರೂ ಕೊಡಿ ಅತ್ಲಾಗೆ" ಎಂದೆ. ಗುಜರಿಯವನು ಜಾಕಿಯ ಮಾತು ಮುಗಿದರೆ ಸಾಕೆಂದು ಮೂರನ್ನೂ ನಾನು ಹೇಳಿದ ಬೆಲೆಗೆ ಕೊಟ್ಟುಬಿಟ್ಟ. ತೂಗುಹಾಕಿ ತಟ್ಟಿದೆ, ಮೂರೂ ಒಳ್ಳೆಯ ನಾದ. ಕ್ಯಾಲಿಪರ್ ತಂದಿರಲಿಲ್ಲ. ಹಾಕುವ ದಿನ ನೋಡಿದರಾಯಿತು ಎಂದು ಅಂಗಡಿಯ ಮೂಲೆಯಲ್ಲಿ ಪೇರಿಸಿದೆ. ಗೆದ್ದ ಖುಷಿಯಲ್ಲಿ ಅವನು ಯಾಕೆ ಅಷ್ಟು ಬೇಗ ಸೋತ ಎಂದು ಕೇಳಿಕೊಳ್ಳಲಿಲ್ಲ. ನಿಮಗೊಂದು ಮಾತು: ಚೌಕಾಸಿಯಲ್ಲಿ ಎದುರಾಳಿ ಸುಲಭವಾಗಿ ಸೋತರೆ ಮನೆಗೆ ಹೋಗಿ ಹಬ್ಬ ಮಾಡಬೇಡಿ, ವಸ್ತುವನ್ನು ಇನ್ನೊಮ್ಮೆ ನೋಡಿ.

ಆಯುಧ ಪೂಜೆಯ ದಿನ ಬೆಳಿಗ್ಗೆ ಅಂಗಡಿ ತೊಳೆದು, ಸುತ್ತಿಗೆಯಿಂದ ಹಿಡಿದು ಕ್ಯಾಲಿಪರಿನ ತನಕ ಎಲ್ಲ ಆಯುಧಗಳನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಇಟ್ಟ ಮೇಲೆ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ, ಮತ್ತೆ ಪೂಜೆ ಮಾಡಿಯೇ ಎತ್ತಬೇಕು. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಒಂದು ದಿನದ ವಿಶ್ರಾಂತಿ. ಪಕ್ಕದ ಅಂಗಡಿಯಲ್ಲಿ ಲೇತು ಇಟ್ಟುಕೊಂಡಿದ್ದ ಇಸ್ಮಾಯಿಲ್ ಸಾಬರೂ ಅಂದು ಲೇತಿಗೆ ಚೆಂಡುಹೂವಿನ ಹಾರ ಹಾಕಿ ಬಾಗಿಲು ಮುಚ್ಚುತ್ತಿದ್ದರು.

ಮಧ್ಯಾಹ್ನ ಊಟ ಮಾಡಿ ಎಲೆ ಅಡಿಕೆ ಹಾಕುತ್ತಿದ್ದೆವು. ಜವರಣ್ಣ ಬಸ್ಸು ತಂದು ನಿಲ್ಲಿಸಿದ. ಜವರಣ್ಣ ಎಂದರೆ ಚಾಮುಂಡಿ ಬೆಟ್ಟಕ್ಕೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನ ಡ್ರೈವರು. ನನಗಿಂತ ಹಿರಿಯ, ಬೆಟ್ಟದ ತಿರುವುಗಳನ್ನು ತನ್ನ ಹೊಲದ ಬದುಗಳಂತೆ ಬಲ್ಲವನು.

"ಹಿಂದ್ಗಡೆ ಟಕ್ ಟಕ್ ಅಂತದೆ ಮೇಸ್ತ್ರಿ. ನಾಳೆ ಮೊಬ್ಗೇ ಬೆಟ್ಟುಕ್ಕೆ ಟ್ರಿಪ್ಪು. ಅದೇನ್ ನೋಡ್ಬುಡು."

ಬಸ್ಸಿನ ಸ್ವಂತ ಸ್ಪ್ಯಾನರು, ಜಾಕಿಗಳಿಗೆ ಪೂಜೆ ಸಂಜೆ ಬಸ್ಸಿನ ಯಜಮಾನರ ಮನೆ ಮುಂದೆ, ಬಸ್ಸಿನ ಜೊತೆಗೆ. ಆದ್ದರಿಂದ ಅವನ್ನು ಮುಟ್ಟಬಹುದಿತ್ತು. ಅವುಗಳಲ್ಲೇ ಚಕ್ರ ಬಿಚ್ಚಿದೆವು. ಎಡಗಡೆಯ ಡ್ರಮ್ಮು ಅಂಚಿನಿಂದ ಬಿರುಕು ಬಿಟ್ಟಿತ್ತು. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಯಾವಾಗಲೂ ಜೋಡಿಯಾಗಿಯೇ ಹಾಕಬೇಕು. ಮೂಲೆಯ ಮೂರರಲ್ಲಿ ಎರಡನ್ನು ಉರುಳಿಸಿಕೊಂಡು ಬಂದೆ.

ಇಸ್ಮಾಯಿಲ್ ಸಾಬರು ನೋಡುತ್ತ ನಿಂತಿದ್ದರು.

"ಅಳತೆ ನೋಡಿದ್ದೀಯಾ ಅಣ್ಣಾ?"

"ಕ್ಯಾಲಿಪರ್ ಪೂಜೇಲಿದೆ."

"ತಗೊಂಡು ನೋಡಿ ಮತ್ತೆ ಇಡು. ತಾಯಿ ಏನೂ ಅಂದುಕೊಳ್ಳಲ್ಲ. ಬೇಕಾದ್ರೆ ನಾಳೆ ಒಂದು ಕಾಯಿ ಜಾಸ್ತಿ ಒಡೆ."

"ನೀವ್ ಸುಮ್ನಿರಿ ಸಾಬ್ರೆ. ಇಟ್ಟ ಆಯುಧ ಎತ್ತಿದ್ರೆ ವರ್ಷವೆಲ್ಲ ಕೈಗೆ ಏಟು ಅಂತಾರೆ. ನನ್ ಹೆಬ್ಬೆಟ್ಟು ಯಾವ ಕ್ಯಾಲಿಪರಿಗೂ ಕಮ್ಮಿಯಿಲ್ಲ."

ಹೆಬ್ಬೆರಳು ಒಳಗೋಡೆಯ ಮೇಲೆ ಆಡಿಸಿದೆ. ಸವೆದ ಡ್ರಮ್ಮಾದರೆ ಅಂಚಿನಲ್ಲಿ ಒಂದು ಏಣು, ಸವೆಯದೆ ಉಳಿದ ಉಬ್ಬು, ಸಿಗುತ್ತದೆ. ಇದರಲ್ಲಿ ಏಣಿಲ್ಲ, ಗೀರಿಲ್ಲ, ಕನ್ನಡಿಯ ಹಾಗಿತ್ತು. ಹೊಸದರ ಸಮಾನ ಎಂದು ಬೀಗಿದೆ. ಯಾರೋ ಲೇತಿನಲ್ಲಿ ಆ ಏಣನ್ನೂ ಸೇರಿಸಿ ಕೊರೆದಿದ್ದಾರೆ ಎಂಬುದು ಹೆಬ್ಬೆರಳಿಗೆ ಹೇಗೆ ತಿಳಿಯಬೇಕು? ಬಾಯಿಯ ಅಂಚು ದಪ್ಪವಾಗಿಯೇ ಇತ್ತು, ನಡುವಿನ ಗೋಡೆಯ ದಪ್ಪ ಹೊರಗೆ ಕಾಣುವುದಿಲ್ಲ. ಹಾಕಿದೆ. ಲೈನಿಂಗು ಡ್ರಮ್ಮಿಗೆ ತಾಗುವವರೆಗೂ ಸರಿಪಡಿಸುವ ತಿರುಪು ಒಂದು ಇರುತ್ತದೆ. ಅದು ಎಂದಿಗಿಂತ ನಾಲ್ಕೈದು ಸುತ್ತು ಹೆಚ್ಚಿಗೆ ತಿರುಗಿತು, ಎಂದರೆ ಡ್ರಮ್ಮಿನ ಒಳಗೆ ಜಾಗ ಹೆಚ್ಚಿತ್ತು. ಅಲ್ಲಿ ನನ್ನ ಕೈ ಒಂದು ಕ್ಷಣ ನಿಂತದ್ದು ನಿಜ. ಜವರಣ್ಣ, "ಆಯ್ತಾ ಮೇಸ್ತ್ರಿ?" ಎಂದ. "ಆಯ್ತು" ಎಂದೆ.

ಅಂದು ಚೆನ್ನಾಗಿ ಉಂಡು ಚೆನ್ನಾಗಿಯೇ ಮಲಗಿದೆ.

ವಿಜಯದಶಮಿಯ ಬೆಳಿಗ್ಗೆ ಹೊತ್ತು ಏರಿದ ಮೇಲೆ ಅಂಗಡಿಗೆ ಬಂದು ಕಾಯಿ ಒಡೆದು ಮಂಗಳಾರತಿ ಮಾಡಿದೆ. ಪೂಜೆಯಾದ ಮೇಲೆ ಏನಾದರೊಂದು ಆಯುಧ ಎತ್ತಿ ಶಾಸ್ತ್ರಕ್ಕೆ ಒಂದಿಷ್ಟು ಕೆಲಸ ಮಾಡಬೇಕು. ಕೈಗೆ ಸಿಕ್ಕಿದ್ದು ಕ್ಯಾಲಿಪರ್. ಎದುರಿಗೆ ಕಂಡದ್ದು ಮೂಲೆಯಲ್ಲಿ ಉಳಿದಿದ್ದ ಮೂರನೆಯ ಡ್ರಮ್ಮು. ಅಳೆದೆ.

ಅಂಗುಲದ ಎಂಟರಲ್ಲೊಂದು ಪಾಲಿಗೆ ನಾವು ನೂಲು ಎನ್ನುತ್ತೇವೆ. ಆ ಜಾತಿಯ ಡ್ರಮ್ಮನ್ನು ಒಟ್ಟು ಒಂದು ನೂಲು ಕೊರೆಯಬಹುದು, ಅದಕ್ಕಿಂತ ಮೇಲೆ ಇಲ್ಲ. ಇದು ಮೂರು ನೂಲು ಹೋಗಿತ್ತು. ಕ್ಯಾಲಿಪರ್ ಜಾರಿರಬೇಕೆಂದು ಮತ್ತೆ ಅಳೆದೆ. ಅಡ್ಡಕ್ಕೆ ಅಳೆದೆ. ಮೂರೇ. ಮೂರೂ ಒಂದೇ ಗಾಡಿಯಿಂದ ಬಂದ ಡ್ರಮ್ಮುಗಳು, ಒಂದೇ ಲೇತಿನಲ್ಲಿ ಕೊರೆದವು. ಒಂದು ಇಲ್ಲಿದೆ. ಎರಡು ಬೆಟ್ಟದ ಮೇಲಿವೆ.

ಕರ್ಪೂರ ಇನ್ನೂ ಉರಿಯುತ್ತಿತ್ತು, ಅದರ ಶಾಖ ಕೈಗೆ ತಾಗಲಿಲ್ಲ. ಇಸ್ಮಾಯಿಲ್ ಸಾಬರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಕ್ಯಾಲಿಪರನ್ನು ಹಾಗೇ ಅವರ ಕೈಗೆ ಕೊಟ್ಟೆ. ಅವರು ಅದರ ಕಾಲುಗಳ ನಡುವಿನ ಅಗಲ ನೋಡಿ, "ಯಾ ಅಲ್ಲಾ" ಎಂದು ಮೆಲ್ಲಗೆ ಹೇಳಿ, "ಹೋಗು, ಅಂಗಡಿ ನಾನು ನೋಡ್ಕೋತೀನಿ" ಎಂದರು. ನಿನ್ನೆ ಹೇಳಿರಲಿಲ್ಲವೆ ಎಂದು ಅಂದೂ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ.

ರಿಪೇರಿಗೆ ಬಂದಿದ್ದ ಒಂದು ಮೋಟಾರ್ ಸೈಕಲ್ಲು ಅಂಗಡಿಯಲ್ಲಿತ್ತು. ಅದನ್ನು ಹತ್ತಿ ಬೆಟ್ಟದ ದಾರಿ ಹಿಡಿದೆ. ಮಧ್ಯಾಹ್ನದ ಜಂಬೂಸವಾರಿಗೆಂದು ಬಂದ ಹಳ್ಳಿಯ ಜನ ಬೆಳಿಗ್ಗೆಯೇ ತಾಯಿಯ ದರ್ಶನ ಮಾಡಿ ಬರಲು ಹೊರಟಿದ್ದರು. ರಸ್ತೆ ತುಂಬ ಜನ. ನಾನು ನೋಡುತ್ತಿದ್ದದ್ದು ರಸ್ತೆಯ ಅಂಚನ್ನು ಮಾತ್ರ. ಪ್ರತಿ ತಿರುವಿಗೂ ಮೊದಲು ಅಡ್ಡಗೋಡೆಯ ಕಲ್ಲು ನೋಡುವುದು, ಕಲ್ಲು ಸರಿಯಾಗಿ ಕೂತಿದ್ದರೆ ಉಸಿರು ಬಿಡುವುದು, ಮುಂದಿನ ತಿರುವು. ಒಂದು ಕಡೆ ಹತ್ತಾರು ಜನ ಗುಂಪುಗೂಡಿ ಕೆಳಗೆ ಬಗ್ಗಿ ನೋಡುತ್ತಿದ್ದರು. ಮೋಟಾರ್ ಸೈಕಲ್ಲು ನಿಲ್ಲಿಸಿದೆನೋ ಬೀಳಿಸಿದೆನೋ ನೆನಪಿಲ್ಲ. ಅವರು ನೋಡುತ್ತಿದ್ದದ್ದು ಊರನ್ನು. ಅಲ್ಲಿಂದ ಅರಮನೆ ಚೆನ್ನಾಗಿ ಕಾಣುತ್ತದೆ.

ಬಸ್ಸು ಮೇಲೆ, ದೇವಸ್ಥಾನದ ಹತ್ತಿರ ನಿಂತಿತ್ತು. ಜನ ತುಂಬಿದ್ದರು. ಜವರಣ್ಣ ಸೀಟಿನಲ್ಲಿ ಕೂತು ಎಂಜಿನ್ ಶುರುಮಾಡಿದ್ದ.

"ಏನ್ ಮೇಸ್ತ್ರಿ, ದರ್ಸನಕ್ ಬಂದ್ಯಾ?"

"ಪೆಡಲ್ ಎಂಗದೆ ಜವರಣ್ಣ?"

"ಮೊದಲ್ನೇ ಟ್ರಿಪ್ಪಲ್ಲಿ ಇಳೀವಾಗ ಒಸಿ ಕೆಳೀಕ್ ಓಯ್ತಿತ್ತು. ಒಂದ್ ಪಂಪ್ ಜಾಸ್ತಿ ಒಡ್ದೆ, ಇಡ್ಕತ್ತು. ಒಸಾ ಡ್ರಮ್ಮಲ್ವಾ, ಕೂತ್ಕಳೋಗಂಟ ಅಂಗೇ ಅನ್ಕಂಡೆ."

ಒಂದು ಸಲ ಇಳಿದು ಬಂದಿದ್ದಾನೆ. ಆದರೆ ಆಗಲೂ ನೋಡಿ, ನನ್ನೊಳಗಿನ ವ್ಯಾಪಾರಿ ಸತ್ತಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಬೆಟ್ಟದ ಲೈನಿನ ಅಷ್ಟೂ ಬಸ್ಸಿನವರಿಗೆ ಸಂಜೆಯೊಳಗೆ ಸುದ್ದಿ. ಒಪ್ಪದೆ ಜನರನ್ನು ಇಳಿಸಲು ಆದೀತೇ ಎಂದು ನೋಡಿದೆ.

"ಒಂಚೂರು ಟೈಟ್ ಮಾಡ್ಬೇಕು. ಜನ ಇಳೀಲಿ, ಅರ್ಧ ಗಂಟೆ" ಎಂದೆ.

ಜನ ಗೊಣಗಿದರು. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಹಣ್ಣುಕಾಯಿಯ ಬುಟ್ಟಿ ಇಟ್ಟುಕೊಂಡ ಒಬ್ಬ ಅಜ್ಜಿ, "ಆನೆ ಒಂಟೋಯ್ತದೆ ಕಣಪ್ಪ, ಕೆಳೀಕ್ ಓದ್ಮೇಲೆ ಟೈಟ್ ಮಾಡ್ಕೊ" ಎಂದಳು. ಯಾರೋ ಹಿಂದಿನಿಂದ, "ಹಬ್ಬದ್ ದಿನ ಮಾಮೂಲು ಕೇಳ್ತಾವ್ನೆ ಇವ್ನು" ಎಂದು ನಗಾಡಿದ. ಜವರಣ್ಣ ಗೇರಿಗೆ ಕೈ ಹಾಕಿದ. ಒಬ್ಬರೂ ಏಳಲಿಲ್ಲ.

ನಾನು ಬಸ್ಸಿನ ಮುಂದೆ ಹೋಗಿ ನಿಂತೆ. ಆಮೇಲೆ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಇದರ ಬ್ರೇಕು ಹಾಕ್ದೋನು ನಾನು. ಅಳತೆ ನೋಡ್ದೆ ಹಾಕ್ಬುಟ್ಟಿದ್ದೀನಿ. ನಿಲ್ಲದೆ ಇರಬಹುದು. ಕೈ ಮುಗೀತೀನಿ, ಇಳೀರಿ."

ಅಜ್ಜಿ ನನ್ನನ್ನೇ ನೋಡಿದಳು.

"ಅಳ್ತೆ ನೋಡ್ದೆ ಎಂಗಪ್ಪಾ ಆಕ್ಬುಟ್ಟೆ? ನಾವು ರವ್ಕೆ ಒಲ್ಸಕೂ ಅಳ್ತೆ ಕೊಡ್ತೀವಲ್ಲ."

ಮೇಸ್ತ್ರಿಗಳಿಂದ, ಯಜಮಾನರಿಂದ ಎಷ್ಟೋ ಬೈಗುಳ ತಿಂದಿದ್ದೇನೆ. ಇಷ್ಟು ಆಳಕ್ಕೆ ಹೋದದ್ದು ಇನ್ನೊಂದಿಲ್ಲ. ಆಕೆ ಬುಟ್ಟಿ ಎತ್ತಿಕೊಂಡು ಮೊದಲು ಇಳಿದಳು. ಆಕೆಯ ಹಿಂದೆ ಎಲ್ಲರೂ ಇಳಿದರು. ಮೆಟ್ಟಿಲ ದಾರಿಯಲ್ಲಿ ಕೆಲವರು, ಬೇರೆ ಬಸ್ಸು ಕಾಯುತ್ತ ಕೆಲವರು.

ಬಸ್ಸನ್ನು ಅಲ್ಲೇ ಬಿಡುವಂತಿರಲಿಲ್ಲ. ಕೆಳಗಿನಿಂದ ಇನ್ನೂ ಗಾಡಿಗಳು ಬರುತ್ತಿದ್ದವು, ತಿರುಗಿಸಲು ಜಾಗ ಬೇಕೆಂದು ಪೊಲೀಸಿನವನು ಕೂಗಾಡುತ್ತಿದ್ದ. ಖಾಲಿ ಗಾಡಿಯನ್ನು ಮೊದಲನೇ ಗೇರಿನಲ್ಲಿ ಎಂಜಿನ್ನಿನ ತಡೆಯ ಮೇಲೆ ಇಳಿಸುವುದೆಂದು ಜವರಣ್ಣ ಹೇಳಿದ. "ನೀನ್ ಮೋಟ್ರು ಸೈಕಲ್ಲಲ್ಲಿ ಮುಂದೆ ಓಗು. ಎದುರ್ಗಡೆ ಬರೋವ್ರನ್ನ ನಿಲ್ಸು."

"ಪೊಲೀಸಿನವ್ರಿಗೆ ಹೇಳಿದೀನಿ. ನಾನು ಬಸ್ಸಲ್ಲೇ ಬತ್ತೀನಿ."

ಆಗಿನ ಬಸ್ಸುಗಳಲ್ಲಿ ಚಕ್ರಕ್ಕೆ ಅಡ್ಡ ಕೊಡಲು ಒಂದು ಮರದ ಕೊರಡು ಇಟ್ಟಿರುತ್ತಿದ್ದರು. ಅದನ್ನು ಎತ್ತಿಕೊಂಡು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ನಿಂತೆ.

ಮೊದಲ ಮೂರು ತಿರುವು ಬಸ್ಸು ಗೊರಗೊರನೆ ನರಳುತ್ತ ಇಳಿಯಿತು. ನಡೆಯುವವನು ಹಿಂದೆ ಹಾಕಬಹುದು, ಅಷ್ಟು ನಿಧಾನ. ಇಷ್ಟು ನಿಧಾನದಲ್ಲಿ ಏನಾದೀತು ಎಂದುಕೊಂಡೆ. ಆಗಲೇ ಲೈನಿಂಗಿನ ವಾಸನೆ ಬಂತು. ಜವರಣ್ಣ ಅಷ್ಟಿಷ್ಟು ಬ್ರೇಕ್ ಮುಟ್ಟುತ್ತಿದ್ದ, ತೆಳ್ಳಗಿನ ಕಬ್ಬಿಣ ಕಾಯುತ್ತಿತ್ತು. ಬಗ್ಗಿ ನೋಡಿದರೆ ಚಕ್ರದ ಸಂದಿಯಿಂದ ನೀಲಿ ಹೊಗೆ.

"ಬ್ರೇಕ್ ಮುಟ್ಬೇಡ" ಎಂದು ಕೂಗಿದೆ.

"ಗೇರು ಎಗರ್ತಾ ಅದೆ" ಎಂದು ಅವನು ಕೂಗಿದ. ಹಳೆಯ ಗೇರ್‌ಬಾಕ್ಸು, ಇಳಿಜಾರಿನ ಒತ್ತಡಕ್ಕೆ ಗೇರು ತಾನಾಗಿ ಜಾರಿ ಬರುತ್ತಿತ್ತು. ಅವನು ಗೇರಿನ ಕಡ್ಡಿಯನ್ನು ಮಂಡಿಯಿಂದ ಒತ್ತಿ ಹಿಡಿದುಕೊಂಡೇ ಎರಡೂ ಕೈಯಲ್ಲಿ ಸ್ಟೀರಿಂಗು ತಿರುಗಿಸುತ್ತಿದ್ದ.

ಮುಂದಿನ ತಿರುವಿನಲ್ಲಿ ಎದುರಿಗೆ, ಪೊಲೀಸಿನವರು ತಡೆಯುವ ಮುಂಚೆಯೇ ಹೊರಟಿದ್ದ ಒಂದು ಕಾರು ನಡುರಸ್ತೆಯಲ್ಲೇ ಬಂತು. ಜವರಣ್ಣ ಬದಿಗೆ ಎಳೆದ, ಮಂಡಿ ತಪ್ಪಿತು, ಗೇರು ಹಾರಿತು. ಎಂಜಿನ್ನಿನ ನರಳಾಟ ಥಟ್ಟನೆ ನಿಂತುಹೋಯಿತು. ಆ ನಿಶ್ಶಬ್ದ ಈಗಲೂ ಕೇಳಿಸುತ್ತದೆ. ಗಾಡಿ ಹಗುರಾಯಿತು, ಗಾಳಿ ಮುಖಕ್ಕೆ ಹೊಡೆಯಿತು. ಅವನು ಪೆಡಲ್ ತುಳಿದ ಸದ್ದು ಹಿಂದಿನವರೆಗೂ ಕೇಳಿತು. ಒಂದು ಸಲ, ಎರಡು ಸಲ, ತಗಡಿಗೆ ಬೂಟು ಬಡಿದ ಸದ್ದು. ಮೂರನೆಯ ಸಲ ನನ್ನ ಕಾಲ ಕೆಳಗೇ ಮಡಕೆ ಒಡೆದ ಹಾಗೆ ಒಂದು ಶಬ್ದವಾಯಿತು. ಡ್ರಮ್ಮು ಹೋಯಿತು.

"ಗುಡ್ಡದ್ ಕಡೀಕ್ ತಿರ್ಗಸ್ತೀನಿ" ಎಂದ ಜವರಣ್ಣ. ಕೂಗಿ ಹೇಳಲಿಲ್ಲ, ಮಾಮೂಲಿ ಮಾತಿನ ಹಾಗೆ ಹೇಳಿದ. ಕಣಿವೆಯ ಕಡೆಯಿಂದ ಗುಡ್ಡದ ಕಡೆಗೆ ಬಸ್ಸನ್ನು ಒರಗಿಸಿದ. ನಾನು ಹಾರಿ ಓಡುತ್ತ ಕೊರಡನ್ನು ಹಿಂದಿನ ಚಕ್ರದ ಮುಂದೆ ಎಸೆದೆ. ಚಕ್ರ ಅದನ್ನು ಹತ್ತಿ ಇಳಿಯಿತು. ಮತ್ತೆ ಎತ್ತಿ ಎಸೆದೆ. ಈ ಸಲ ಕೊರಡು ಸೀಳಿತು, ಆದರೆ ಅಷ್ಟರಲ್ಲಿ ಮುಂದಿನ ಮಡ್‌ಗಾರ್ಡು ಮಣ್ಣಿನ ದಿಣ್ಣೆಗೆ ಉಜ್ಜುತ್ತ, ಕಲ್ಲು ಮಣ್ಣು ಸುರಿಸುತ್ತ, ಬಸ್ಸು ನಿಂತಿತು. ಅಲ್ಲಿಂದ ಹದಿನೈದು ಹೆಜ್ಜೆ ಮುಂದೆ ರಸ್ತೆ ತಿರುಗುತ್ತಿತ್ತು. ತಿರುವಿನ ಆಚೆ ಬರೀ ಆಕಾಶ.

ಜವರಣ್ಣ ಇಳಿದು ಬಂದು ದಿಣ್ಣೆಯ ಮೇಲೆ ಕೂತ. ಬೀಡಿ ತೆಗೆದ, ಹಚ್ಚಲಿಲ್ಲ. ಇಬ್ಬರೂ ಖಾಲಿ ಸೀಟುಗಳನ್ನು ನೋಡುತ್ತ ಕೂತೆವು. ಜನ ತುಂಬಿದ್ದರೆ ಆ ಭಾರಕ್ಕೆ ದಿಣ್ಣೆ ತಡೆಯುತ್ತಿರಲಿಲ್ಲ.

ಜವರಣ್ಣ ನನ್ನ ಕಡೆ ತಿರುಗಿ ಹೇಳಿದ. "ನೋಡು ಮೇಸ್ತ್ರಿ. ಇನ್ಮ್ಯಾಕೆ ನೀನ್ ಬ್ರೇಕ್ ಆಕಿದ್ ಗಾಡೀಲಿ ಮೊದಲ್ನೇ ಸಲ ಬೆಟ್ಟ ಇಳೀವಾಗ ನನ್ ಪಕ್ದಲ್ಲಿ ನೀನಿರ್ಬೇಕು. ನೀನ್ ಕೂರ್ನಿಲ್ಲ ಅಂದ್ರೆ ನಾನ್ ಇಳಿಯಾಕಿಲ್ಲ."

ಯಜಮಾನರಿಗೆ ನಾನೇ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿ, "ಹೇಳ್ದೆಯಲ್ಲ, ಒಳ್ಳೇದು. ಇನ್ನು ನನ್ ಬಸ್ಸು ನಿನ್ ಅಂಗಡಿಗೆ ಬರಲ್ಲ" ಎಂದರು. ಎರಡು ದಸರೆ ಕಳೆಯುವ ತನಕ ಬರಲಿಲ್ಲ. ಬೇರೆಯವರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು. ನನ್ನ ಕೆಲಸ ನೋಡಿ ಬಂದದ್ದಲ್ಲ. ಮೇಸ್ತ್ರಿ ತಾನೇ ಕೂತು ಮೊದಲು ಇಳಿಯುತ್ತಾನಂತೆ ಎಂಬ ಮಾತು ಹರಡಿ ಬಂದದ್ದು. ಯಾವ ಚೌಕಾಸಿಯಲ್ಲೂ ನನಗೆ ಅಂಥ ಗಿರಾಕಿಗಳು ಸಿಕ್ಕಿರಲಿಲ್ಲ.

ಹಾಗೆ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೆದರಿಕೆ. ಮೇಲೆ ಹೋಗುವಾಗಲೇ ನಾಲಿಗೆ ಒಣಗುವುದು, ಇಳಿಯುವಾಗ ಕೈ ತಾನಾಗಿ ಹ್ಯಾಂಡ್ ಬ್ರೇಕಿನ ಮೇಲೆ. ಇಳಿದ ಕೂಡಲೇ ನಾಲ್ಕೂ ಡ್ರಮ್ಮಿಗೆ ಅಂಗೈ ಹತ್ತಿರ ಹಿಡಿದು ಶಾಖ ನೋಡುವುದು. ಒಂದು ಹೆಚ್ಚು ಬಿಸಿ, ಒಂದು ತಣ್ಣಗೆ ಇದ್ದರೆ ಆ ಗಾಡಿ ಅಂಗಡಿಗೆ ವಾಪಸು. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಸೀಳುತ್ತದೆ. ತೀರ್ಥವಾದರೂ ಅಷ್ಟೆ. ಆಯುಧ ಪೂಜೆಯನ್ನು ಈಗಲೂ ಮಾಡುತ್ತೇನೆ, ಭಕ್ತಿಯಿಂದಲೇ ಮಾಡುತ್ತೇನೆ. ಆದರೆ ಆವತ್ತಿನಿಂದ ಅಂಗಡಿಯಲ್ಲಿ ಎರಡು ಕ್ಯಾಲಿಪರ್ ಇದ್ದವು. ಒಂದು ಪೂಜೆಗೆ, ಇನ್ನೊಂದು ನನ್ನ ಜೇಬಿಗೆ.

ಕಾಲ ಬದಲಾಯಿತು. ಹೊಸ ಡ್ರಮ್ಮು, ಅಳತೆಯ ಅಚ್ಚು ಒತ್ತಿಯೇ ಬರುವಂಥವು, ಬೆಂಗಳೂರಿನಲ್ಲೇ ಸಿಗಲು ಶುರುವಾದವು. ನಾನು ಅಂಗಡಿ ಬಿಡುವ ಸ್ವಲ್ಪ ಮುಂಚೆ ದಸರೆ ನೋಡಲು ಬಂದ ಪರದೇಶದವರೊಬ್ಬರ ಕಾರು ಅಂಗಡಿಗೆ ಬಂತು. ಮುಂದಿನ ಚಕ್ರ ಬಿಚ್ಚಿದರೆ ಡ್ರಮ್ಮೇ ಇಲ್ಲ. ಹೊಳೆಯುವ ಕಬ್ಬಿಣದ ತಟ್ಟೆಯೊಂದು, ಅದನ್ನು ಎರಡು ಕಡೆಯಿಂದ ಇಕ್ಕಳದ ಹಾಗೆ ಕಚ್ಚುವ ಎರಡು ತುಂಡು. ಡಿಸ್ಕ್ ಎನ್ನುತ್ತಾರಂತೆ. ಇಸ್ಮಾಯಿಲ್ ಸಾಬರೂ ನಾನೂ ಬಹಳ ಹೊತ್ತು ನೋಡಿದೆವು. ಎಲ್ಲ ಬಯಲಲ್ಲೇ ಇದೆ, ಗಾಳಿ ಆಡುತ್ತದೆ, ಕಾದರೂ ಬೇಗ ಆರುತ್ತದೆ, ಹಿಗ್ಗಿದರೂ ದೂರ ಸರಿಯುವುದಿಲ್ಲ. ನಾಳೆ ನಿಮ್ಮ ಕೈಗೆ ಬರುವುದು ಅದೇ. ಸಾಬರು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು, "ಇದಕ್ಕೂ ಒಂದು ದಪ್ಪ ಅಂತ ಇರುತ್ತೆ, ಅದು ಸವೆಯುತ್ತೆ" ಎಂದರು. ತಟ್ಟೆಯಾದರೇನು ಬೋಗುಣಿಯಾದರೇನು, ಎಷ್ಟು ಉಳಿದಿದೆ ಎಂದು ಅಳೆದು ನೋಡಿ. ಎರಡು ಕಡೆ ಅಲ್ಲ, ನಾಲ್ಕು ಕಡೆ ನೋಡಿ. ಜೋಡಿಯಾಗಿ ಬದಲಿಸಿ. ಎಣ್ಣೆ ಕೈಯಲ್ಲಿ ಮುಟ್ಟಬೇಡಿ.

ನಾನು ಯಾಕೆ ಬಿಟ್ಟೆ ಎಂದು ಕೇಳುವವರಿದ್ದಾರೆ. ಕೈ ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು. ಜವರಣ್ಣ ಆಗಲೇ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಹೊಸ ಡ್ರೈವರೊಬ್ಬನ ಬಸ್ಸಿಗೆ ಬ್ರೇಕ್ ಕೆಲಸ ಮಾಡಿ, ಪದ್ಧತಿಯಂತೆ ಪಕ್ಕದಲ್ಲಿ ಕೂತು ಬೆಟ್ಟ ಇಳಿದೆ. ಬಿಸಿಲು, ತಣ್ಣನೆ ಗಾಳಿ. ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟೆ. ಬಸ್ಸು ಬೆಟ್ಟದ ಬುಡದಲ್ಲಿ ನಿಂತಿತ್ತು.

"ಒಳ್ಳೆ ನಿದ್ದೆ ತಗ್ದ್ರಿ ಮೇಸ್ತ್ರಿಗಳೇ" ಎಂದು ಡ್ರೈವರು ನಕ್ಕ. "ನಿಮ್ ಕೆಲ್ಸದ ಮೇಲೆ ನಿಮ್ಗೇ ಇಷ್ಟ್ ಧೈರ್ಯ ಇದ್ರೆ ನಮ್ಗೇನ್ ಭಯ ಬುಡಿ."

ಅವನು ಹೊಗಳಿದ್ದು. ಆ ಬೆಟ್ಟವನ್ನು ನಾನು ಹೆದರದೆ ಇಳಿದದ್ದು ಅದೇ ಮೊದಲು. ಅಲ್ಲೇ ಚಕ್ರ ಬಿಚ್ಚಿಸಿದೆ. ಅವನು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಕ್ಯಾಲಿಪರ್ ತೆಗೆದು ಉದ್ದಕ್ಕೂ ಅಡ್ಡಕ್ಕೂ ಅಳೆದೆ. ಅಳತೆ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದದ್ದು ನಾನು. ಆ ವಾರವೇ ಅಂಗಡಿಯ ಬೀಗದ ಕೈಯನ್ನು ಇಸ್ಮಾಯಿಲ್ ಸಾಬರ ಮಗನಿಗೆ ಕೊಟ್ಟೆ. ಅವನು ಅಪ್ಪನ ಹಾಗೆ ಅನುಮಾನದವನು.

ಈಗ ನಾನೂ ಹೆಂಡತಿಯೂ ತಿಂಗಳಿಗೊಮ್ಮೆ ಬೆಟ್ಟಕ್ಕೆ ಹೋಗಿ ಬರುತ್ತೇವೆ. ಟಿಕೆಟ್ ತೆಗೆದುಕೊಂಡು ಎಲ್ಲರ ಹಾಗೆ ಕೂರುತ್ತೇನೆ. ಆ ಬಸ್ಸಿಗೆ ಬ್ರೇಕ್ ಹಾಕಿದವರು ಯಾರೋ ನನಗೆ ಗೊತ್ತಿಲ್ಲ, ನಿಮ್ಮಲ್ಲೇ ಒಬ್ಬರಿರಬಹುದು. ಇಳಿಯುವಾಗ ಹೆಂಡತಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಾಳೆ. ನಾನು ಕಡೆಯ ತಿರುವು ದಾಟುವ ತನಕ ಎಚ್ಚರವಾಗಿರುತ್ತೇನೆ.